ಸಾಮಾನಣ್ಣನ ಮಂಚ, ಸೊಟ್ಟ ಕೆರೆ

ಸಾಮಾನಣ್ಣನಿಗೆ ಊರುಗಳ ಗುರುತು ಹತ್ತುತ್ತಿದ್ದುದು ಅವುಗಳ ಮೆಟ್ಟಿಲುಗಳಿಂದ. ಯಾರಾದರೂ ತಾವು ನೋಡಿಬಂದ ಊರಿನ ಸಮುದ್ರವನ್ನೋ ಗುಡ್ಡವನ್ನೋ ಬಾಯ್ತುಂಬ ಹೊಗಳುತ್ತಿದ್ದರೆ ಅವನು ಕಣ್ಣು ಕಿರಿದು ಮಾಡಿ ನೆನಪಿಸಿಕೊಂಡು, "ಗೊತ್ತು ಗೊತ್ತು. ಮೂರನೇ ಮಹಡಿ. ತಿರುವು ತುಂಬಾ ಇಕ್ಕಟ್ಟು" ಎನ್ನುತ್ತಿದ್ದ. ಇನ್ನೊಂದು ಊರು ಅವನ ಲೆಕ್ಕದಲ್ಲಿ ಸಜ್ಜನರ ಊರು, ಏಕೆಂದರೆ ಅಲ್ಲಿನ ಬಾಗಿಲುಗಳು ಅಗಲ. ಮತ್ತೊಂದರ ಸುದ್ದಿ ಬಂದರೆ ಮುಖ ಹಿಂಡಿ, "ಲಿಫ್ಟ್ ಇದೆ ಅಂತ ಜಂಬ. ಬೀರು ಹಿಡಿಸಲ್ಲ" ಎಂದು ಆ ಊರನ್ನೇ ಪಕ್ಕಕ್ಕೆ ತಳ್ಳಿಬಿಡುತ್ತಿದ್ದ.

ಅವನಿಗೆ ಹೆತ್ತವರಿಟ್ಟ ಹೆಸರು ಬೇರೆ ಇತ್ತು. ಮನೆ ಬದಲಿಸುವವರ ಸಾಮಾನು ಸಾಗಿಸುತ್ತ ಸಾಗಿಸುತ್ತ ಅದು ಎಲ್ಲೋ ದಾರಿಯಲ್ಲಿ ಬಿದ್ದುಹೋಗಿ, ಸಾಮಾನಣ್ಣ ಅನ್ನುವುದೊಂದೇ ಉಳಿದಿತ್ತು. ಭಾರವನ್ನು ಅವನು ಅಳೆಯುತ್ತಿದ್ದುದು ಫ್ರಿಜ್ಜುಗಳಲ್ಲಿ. ಸೋಫಾ ಅಂದರೆ ಮುಕ್ಕಾಲು ಫ್ರಿಜ್ಜು, ಪುಸ್ತಕದ ಪೆಟ್ಟಿಗೆ ಅರ್ಧ ಫ್ರಿಜ್ಜು, ಮೇಷ್ಟರ ಮನೆಯ ಪುಸ್ತಕದ ಪೆಟ್ಟಿಗೆಯಾದರೆ ಒಂದು. ಹೊಸ ಮನೆಗೆ ಹಿಡಿಸದೆ ಉಳಿದದ್ದೆಲ್ಲ ಅವನ ಮನೆ ಸೇರುತ್ತಿತ್ತು. ಹಾಗಾಗಿ ಅವರ ನಡುಮನೆಯಲ್ಲಿ ಅರ್ಧ ಊಟದ ಮೇಜು ಗೋಡೆಗೆ ಒರಗಿ ನಿಂತಿತ್ತು, ಮೇಜಿಲ್ಲದ ಎರಡು ಡ್ರಾಯರುಗಳು ಇದ್ದವು, ಕಪಾಟಿಲ್ಲದ ಕಪಾಟಿನ ಬಾಗಿಲೊಂದು ಯಾರನ್ನೋ ಕಾಯುತ್ತಿರುವ ಹಾಗೆ ಮೂಲೆ ಹಿಡಿದಿತ್ತು.

ಇಷ್ಟು ಊರು ತಿರುಗಿದರೂ ಒಂದರಲ್ಲೂ ಅವನು ಕತ್ತಲಾಗುವವರೆಗೆ ಉಳಿದವನಲ್ಲ. ಸಾಮಾನಿಳಿಸಿ, ಬೆವರೊರೆಸಿಕೊಂಡು, ಖಾಲಿ ವ್ಯಾನು ತಿರುಗಿಸಿಕೊಂಡು ವಾಪಸ್ಸು. ಬೇರೆ ಊರಲ್ಲಿ ಸಂಜೆ ಹೇಗೆ ಆಗುತ್ತದೆ ಅಂತ ಒಮ್ಮೆಯಾದರೂ ಸುಮ್ಮನೆ ಕೂತು ನೋಡಬೇಕು ಅನ್ನುವುದು ಅವನ ಗುಟ್ಟಿನ ಆಸೆ. ಗುಟ್ಟು ಯಾಕೆಂದರೆ, ಹೇಳಿಕೊಂಡರೆ ಹೆಂಡತಿ, "ಎಲ್ಲಾ ಊರಲ್ಲೂ ಸಂಜೆ ಹಾಗೇ ಆಗೋದು, ಬೆಳಕು ಕಮ್ಮಿಯಾಗಿ" ಎಂದುಬಿಡುತ್ತಾಳೆ ಅನ್ನುವುದು ಅವನಿಗೆ ಗೊತ್ತಿತ್ತು.

ಒಂದು ದಿನ ಯಾರದೋ ಮನೆಯ ಮೆಟ್ಟಿಲ ತಿರುವಿನಲ್ಲಿ ಕಬ್ಬಿಣದ ಬೀರು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಮೊಂಡು ಹಿಡಿದಾಗ ಎಲ್ಲೋ ಟಕ್ಕೆಂದಿತು. ಬೀರುವಿನ ಕೀಲು ಹೋಯಿತೆಂದು ಸಾಮಾನಣ್ಣ ಮೊದಲು ಅದನ್ನೇ ಸವರಿ ನೋಡಿದ. ಬೀರು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಹೋದದ್ದು ಅವನ ಸೊಂಟ.

"ಇನ್ಮೇಲೆ ದಿಂಬಿಗಿಂತ ಭಾರದ್ದು ಏನೂ ಎತ್ತಬಾರದು" ಎಂದರು ಡಾಕ್ಟರು.

"ಹತ್ತಿದಾ ಸ್ಪಂಜಿಂದಾ?" ಎಂದು ಕೇಳಿದ ಸಾಮಾನಣ್ಣ. ಡಾಕ್ಟರು ಕನ್ನಡಕ ತೆಗೆದು ಅವನ ಹೆಂಡತಿಯ ಮುಖ ನೋಡಿದರು. ಅವಳು, "ಇವರು ಹೀಗೇ" ಎಂದಳು.

ಕಸುಬು ನಿಂತ ಮೇಲೆ ವ್ಯಾನಿಗೇನು ಕೆಲಸ? ಮನೆಯ ಮುಂದಿನ ಬೀದಿ ಇಳಿಜಾರಿನದು. ವ್ಯಾನು ಅಲ್ಲೇ, ತನ್ನ ಹಿಂಬದಿಯನ್ನು ಏರಿನ ಕಡೆಗೆ ಕೊಟ್ಟುಕೊಂಡು ನಿಂತಿರುತ್ತಿತ್ತು. ಅದು ಆ ಕಸುಬಿನವರ ಪದ್ಧತಿ. ಹಿಂಬದಿ ಏರಿಗಿದ್ದರೆ ಸಾಮಾನು ಹತ್ತಿಸುವ ರ‍್ಯಾಂಪು ಹೆಚ್ಚುಕಡಿಮೆ ಚಪ್ಪಟೆಯಾಗಿ ಕೂರುತ್ತದೆ, ಫ್ರಿಜ್ಜು ತಾನಾಗಿ ನಡೆದುಕೊಂಡು ಬಂದಂತೆ ಒಳಗೆ ಬರುತ್ತದೆ. ಬೇರೆ ಥರ ನಿಲ್ಲಿಸಿದರೆ ಸಾಮಾನಣ್ಣನಿಗೆ ಊಟ ಸೇರುತ್ತಿರಲಿಲ್ಲ.

ನಿಂತ ವ್ಯಾನಿನ ಮೇಲೆ ಗಿಡದವನ ಕಣ್ಣು ಬಿತ್ತು. ಕೆರೆಯಾಚೆಯ ರಸ್ತೆಯಲ್ಲಿ ಸಸಿ, ಹೂಕುಂಡ ಮಾರುವವನು. ದಿನಾ ಬಂದು ವ್ಯಾನಿನ ಚಕ್ರ ಒದ್ದು ನೋಡಿ, "ಅಣ್ಣಾ, ಇದರಲ್ಲಿ ನನ್ನ ದಾಸವಾಳ ಎಲ್ಲಾ ನಿಂತ್ಕೊಂಡೇ ಹೋಗ್ತವೆ" ಎನ್ನುವನು. ತನ್ನ ವ್ಯಾನಿನಲ್ಲಿ ದಾಸವಾಳ ನಿಂತು ಹೋಗುವುದನ್ನು ಊಹಿಸಿಕೊಂಡರೆ ಸಾಮಾನಣ್ಣನ ಸೊಂಟದ ಜೊತೆಗೆ ಎದೆಯೂ ನೋಯುತ್ತಿತ್ತು.

"ನಾನು ಇದರಲ್ಲಿ ಮಂಚ ಮಾಡ್ತೀನಿ" ಎಂದ ಒಂದು ಬೆಳಗ್ಗೆ, ಯಾರೂ ಕೇಳದೆ ಇದ್ದಾಗ. "ಇಬ್ಬರೂ ಊರೂರು ಹೋಗೋಣ. ರಾತ್ರಿ ಅದರಲ್ಲೇ ಮಲಗೋದು."

ಹೆಂಡತಿ ಪರದೆ ಹೊಲಿಯುವವಳು. ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಹೇಳಿದಳು: "ಕಿಟಕಿಗೆ ಪರದೆ ಬೇಕಾದ್ರೆ ಹೊಲಿದು ಕೊಡ್ತೀನಿ. ಮಲಗೋ ಮಾತು ಬೇರೆ."

ಬೇರೆಯೇ ಹೌದು. ಅವಳ ಮಧ್ಯಾಹ್ನದ ನಿದ್ದೆ ಆ ಬೀದಿಯ ಆಸ್ತಿ. ಉಂಡ ಮೇಲೆ ಯಂತ್ರದ ಸದ್ದು ನಿಂತಿತೆಂದರೆ ತರಕಾರಿ ಗಾಡಿಯವನು ಗಂಟಲು ತಗ್ಗಿಸುತ್ತಿದ್ದ, ಎದುರುಮನೆಯವರು ಕುಟ್ಟುವುದನ್ನು ನಿಲ್ಲಿಸುತ್ತಿದ್ದರು. ಹಾಸಿಗೆ ಒಂದು ಮಡಿಕೆ ಏರುಪೇರಾದರೂ ಆ ನಿದ್ದೆ ಬರುತ್ತಿರಲಿಲ್ಲ. ಬರದಿದ್ದ ದಿನ ಸಂಜೆ ಅವಳ ಎದುರು ನಿಲ್ಲುವ ಗಂಡಸು ಆ ಸುತ್ತಮುತ್ತಲಲ್ಲಿ ಹುಟ್ಟಿರಲಿಲ್ಲ.

"ನೋಡ್ರೀ, ಒಂದೇ ಮಾತು" ಎಂದಳು. "ಭಾನುವಾರ ಕೆರೆ ಹತ್ರ ಹೋಗೋಣ. ನಿಮ್ಮ ಗಾಡೀಲಿ ನನಗೆ ಮಧ್ಯಾಹ್ನದ ನಿದ್ದೆ ಬಂದ್ರೆ ಗಾಡಿ ಇರಲಿ. ಬರಲಿಲ್ಲ ಅಂದ್ರೆ ಸಂಜೆ ಬೀಗದಕೈ ಆ ಗಿಡದವನಿಗೆ ಕೊಟ್ಟುಬಿಡಬೇಕು. ಆಮೇಲೆ ಮುಖ ಊದಿಸ್ಕೊಂಡು ಕೂರೋ ಹಾಗಿಲ್ಲ."

ಗಿಡದವನೂ ಒಪ್ಪಿದ. "ಆದ್ರೆ ಭಾನುವಾರ ಸಂಜೆ ದಾಟಬಾರದು ಅಣ್ಣ, ಇನ್ನೊಂದು ವ್ಯಾನು ನೋಡಿಟ್ಟಿದೀನಿ" ಎಂದ. ಸಾಮಾನಣ್ಣನ ಬಾಳಿನ ಮುಂದಿನ ಭಾಗವೆಲ್ಲ ಹೀಗೆ ಹೆಂಡತಿಯ ಒಂದು ನಿದ್ದೆಗೆ ಬಂದು ನಿಂತಿತು.

ಮಂಚಕ್ಕೆ ಹೊಸದಾಗಿ ಏನೂ ಕೊಳ್ಳಬಾರದೆಂದು ಅವನ ಹಟ. ಕೆಲಸವಿಲ್ಲದೆ ಬಿದ್ದಿದ್ದ ಎರಡು ಅಲ್ಯೂಮಿನಿಯಂ ರ‍್ಯಾಂಪುಗಳೇ ಮಂಚವಾಗಬೇಕು. ಒಂದೊಂದೂ ಆಳುದ್ದ ದಾಟಿದ ಹಲಗೆ. ಕಾಲು ಜಾರದಿರಲೆಂದು ಮೈತುಂಬ ತೂತು, ಉಬ್ಬುಗೆರೆ. ಒಂದು ತುದಿಯಲ್ಲಿ ವ್ಯಾನಿನ ಅಂಚಿಗೆ ಸಿಕ್ಕಿಸುವ ಕೊಕ್ಕೆ. ಡ್ರೈವರ್ ಸೀಟಿನ ಹಿಂದೆ ಅಡ್ಡಲಾಗಿ ಒಂದು ಪೈಪು ಬಿಗಿಸಿ ಕೊಕ್ಕೆಗಳನ್ನು ಅದಕ್ಕೆ ಸಿಕ್ಕಿಸಿದ. ಬಾಗಿಲ ಕಡೆಯ ತುದಿಗೆ ಮೇಜಿಲ್ಲದ ಡ್ರಾಯರುಗಳನ್ನು ಬೋರಲು ಹಾಕಿದ. ರ‍್ಯಾಂಪುಗಳ ಮೇಲೆ ಅರ್ಧ ಊಟದ ಮೇಜು, ಉಳಿದರ್ಧಕ್ಕೆ ಕಪಾಟಿನ ಬಾಗಿಲು. ಅದರ ಹಿಡಿ ಸರಿಯಾಗಿ ಬೆನ್ನಿಗೆ ಬರುತ್ತಿತ್ತು, ತೆಗೆದ. ಅದರ ಮೇಲೆ ಸಾಮಾನಿಗೆ ಸುತ್ತುವ ದಪ್ಪ ಕಂಬಳಿಗಳು. ಎತ್ತುವ ಕೆಲಸವನ್ನೆಲ್ಲ ಹೆಂಡತಿಯೇ ಮಾಡಿದಳು. ಅವನು ಒಂದು ದಿಂಬು ಹಿಡಿದು ಪಕ್ಕದಲ್ಲಿ ನಿಂತು, "ಎಡಕ್ಕೆ, ಇನ್ನೂ ಎಡಕ್ಕೆ, ನಿಧಾನ, ಗೋಡೆ ಗೀಚುತ್ತೆ" ಎಂದು ಹೇಳಿಕೊಟ್ಟ.

ಈ ನಡುವೆ ಮಗಳು ಬಂದಳು. ಅವಳಿಗೊಂದು ಎಳೆಯ ಮಗು. ಮಗು ಹುಟ್ಟಿದಂದಿನಿಂದ ಅವಳ ಕಣ್ಣಿಗೆ ಲೋಕದ ವಸ್ತುಗಳೆಲ್ಲ ಬರಿಯ ಮೂಲೆ, ಮೊಳೆ, ಸಂದು, ತೂತುಗಳಾಗಿ ಕಾಣತೊಡಗಿದ್ದವು. ವ್ಯಾನು ಹತ್ತಿದವಳೇ ಒಂದೊಂದು ತೂತಿಗೂ ತನ್ನ ಕಿರುಬೆರಳು ಹಾಕಿ ನೋಡಿದಳು.

"ಅಪ್ಪ, ಇಲ್ಲಿ ಮಗು ಬೆರಳು ಸಿಕ್ಕಿಕೊಳ್ಳುತ್ತೆ."

"ಮಗು ಬರಲ್ಲ ಕಣಮ್ಮ. ನಾನು, ನಿಮ್ಮಮ್ಮ, ಇಬ್ಬರೇ."

"ಮುಂದೆ ಯಾವತ್ತಾದ್ರೂ ಬಂದ್ರೆ?"

ತೂತುಗಳಿಗೆಲ್ಲ ಹಳೆಯ ಕಾಲುಚೀಲಗಳ ಚೂರು ತುರುಕಲಾಯಿತು. ಮೂಲೆಗಳಿಗೆ ಸ್ಪಂಜು ಕಟ್ಟಲಾಯಿತು. ಸ್ಪಂಜನ್ನು ಮಗು ಕಿತ್ತು ತಿಂದರೆ ಎಂದು ಅದರ ಮೇಲೆ ಬಟ್ಟೆ ಹೊಲಿಯಲಾಯಿತು.

"ಓಡೋವಾಗ ಇದು ಜರುಗಿದ್ರೆ? ಎಲ್ಲಾ ಬೋಲ್ಟ್ ಹಾಕಿ ಬಿಗಿಸು, ಅಪ್ಪ. ಅಲ್ಲಾಡಲೇಬಾರದು."

ಜರುಗುವ ಸಾಮಾನು ಒಡೆಯುವ ಸಾಮಾನು ಅನ್ನುವುದು ಸಾಮಾನಣ್ಣನ ಕಸುಬಿನ ಬೇರು. ಅಪ್ಪ ಮಗಳು ಜೀವನದಲ್ಲಿ ಮೊದಲ ಸಲ ಒಂದು ವಿಷಯದಲ್ಲಿ ಒಪ್ಪಿದರು. ಡ್ರಾಯರುಗಳು ನೆಲಕ್ಕೆ, ರ‍್ಯಾಂಪು ಡ್ರಾಯರುಗಳಿಗೆ, ಎಲ್ಲವೂ ಬೋಲ್ಟ್ ಬಿದ್ದು ವ್ಯಾನಿನ ಮೂಳೆಯೇ ಆಗಿಹೋದವು.

"ಎಷ್ಟು ಭಾರ ತಡೆಯುತ್ತೆ?" ಎಂದಳು ಮಗಳು.

"ಆರಾಮಾಗಿ ಎರಡು ಫ್ರಿಜ್ಜು."

"ಅಮ್ಮ ಎಷ್ಟು ಫ್ರಿಜ್ಜು?"

ಸಾಮಾನಣ್ಣ ಸ್ಪ್ಯಾನರು ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು. ಒಳಗಿನಿಂದ ಹೊಲಿಗೆ ಯಂತ್ರ ನಿಂತಿತು. "ಹೇಳಿ, ಹೇಳಿ. ನಾನೂ ಕೇಳ್ತೀನಿ" ಎಂಬ ದನಿ ಬಂತು.

"ನಿಮ್ಮಮ್ಮನ್ನ ಫ್ರಿಜ್ಜಲ್ಲಿ ಅಳೆಯೋಕಾಗುತ್ತಾ" ಎಂದ ಸಾಮಾನಣ್ಣ, ಬಹಳ ಹೊತ್ತು ಯೋಚಿಸಿ. ಯಂತ್ರ ಮತ್ತೆ ಶುರುವಾಯಿತು.

ಕೊನೆಗೆ ಬಂತು ಮಟ್ಟ ನೋಡುವ ಕೆಲಸ. ಗಾರೆಯವನಿಂದ ರಸಮಟ್ಟ ಕೇಳಿ ತಂದಿದ್ದ. ಗಾಜಿನ ಕೊಳವೆಯೊಳಗೆ ಒಂದು ಗುಳ್ಳೆ. ಅದು ನಡುವೆ ನಿಂತರೆ ಹಾಸು ಮಟ್ಟಸ. ಮೊದಲು ಗುಳ್ಳೆ ಬಾಗಿಲ ಕಡೆಗೆ ಓಡಿತು. ಬೋಲ್ಟು ಬಿಚ್ಚಿ, ಆ ತುದಿಯ ಡ್ರಾಯರುಗಳನ್ನು ಕೊಯ್ದು ಗಿಡ್ಡ ಮಾಡಿ ಮತ್ತೆ ಬಿಗಿಸಿದ. ಇನ್ನೂ ಓಡಿತು. ಇನ್ನೂ ಕೊಯ್ದ. ಎಷ್ಟೋ ಕೊಯ್ದ ಮೇಲೆ ಗುಳ್ಳೆ ನಟ್ಟನಡುವೆ ಬಂದು ಕೂತು ಅಲ್ಲಾಡಲಿಲ್ಲ. ಸಾಮಾನಣ್ಣ ಎದುರುಮನೆಯವರನ್ನು, ತರಕಾರಿಯವನನ್ನು, ಗಿಡದವನನ್ನೂ ಕರೆದು ಗುಳ್ಳೆ ತೋರಿಸಿದ. ಹೆಂಡತಿ ಹತ್ತಿ, ಗಾಳಿ ಬರಲೆಂದು ಬಾಗಿಲ ಕಡೆಗೆ ತಲೆಯಿಟ್ಟು ಮಲಗಿ ನೋಡಿ, "ಪರವಾಗಿಲ್ಲ" ಎಂದಳು. ಅವಳ ಬಾಯಲ್ಲಿ ಅದು ಪದಕ. ಗಿಡದವನ ಮುಖ ನೀರು ಕಾಣದ ಸಸಿಯ ಹಾಗಾಯಿತು.

ಭಾನುವಾರ ಉಂಡವರೇ ಹೊರಟರು. ಮಗಳು ಮಗುವನ್ನು ಗಂಡನ ಕೈಗೆ ಕೊಟ್ಟು ತಾನೂ ಜೊತೆಗೆ ಬಂದಳು. ಅಮ್ಮ ವ್ಯಾನಿನಲ್ಲಿ ಮಲಗುವಾಗ ಯಾರಾದರೂ ಒಬ್ಬರು ಎಚ್ಚರವಿರಬೇಕು ಅನ್ನುವುದು ಅವಳ ವಾದ. ದಾರಿಯುದ್ದಕ್ಕೂ ಫೋನು. "ಮಗು ಏನ್ ಮಾಡ್ತಿದೆ? ಸುಮ್ಮನಿದೆಯಾ? ಯಾಕೆ ಸುಮ್ಮನಿದೆ?" ಗಿಡದವನು ಸ್ಕೂಟರಿನಲ್ಲಿ ಹಿಂದೆ ಹಿಂದೆ ಬಂದ, ನಿದ್ದೆಗೆ ಸಾಕ್ಷಿಯಾಗಲು.

ಕೆರೆಯ ಪಕ್ಕದ ಹುಲ್ಲುನೆಲ ಚಾಪೆ ಹಾಸಿದ ಹಾಗೆ ಸಪಾಟಾಗಿತ್ತು. ಸಾಮಾನಣ್ಣ ಹಿಂಬಾಗಿಲು ನೀರಿನ ಕಡೆಗೆ ಬರುವಂತೆ ನಿಲ್ಲಿಸಿ, ಬಾಗಿಲು ಎರಡೂ ಹಾರುಹೊಡೆದು, ಪರದೆ ಸರಿಸಿ, "ಮಲಗು" ಎಂದ, ಅರಮನೆ ತೋರಿಸುವವನ ಹಾಗೆ.

ಹೆಂಡತಿ ಮಲಗಿದಳು. ಎಲ್ಲರೂ ಮರದ ಕೆಳಗೆ ಹೋಗಿ ಉಸಿರು ಬಿಗಿಹಿಡಿದು ಕೂತರು.

"ರೀ" ಎಂದಳು ಸ್ವಲ್ಪ ಹೊತ್ತಿಗೆ. "ತಲೆಗೆ ರಕ್ತ ಇಳೀತಿದೆ."

"ತಣ್ಣನೆ ಗಾಳಿ. ಹಾಗನ್ನಿಸುತ್ತೆ."

"ನಾನು ಜಾರ್ತಿದೀನಿ."

"ಹೊಸ ಜಾಗ ಅಲ್ವಾ. ಹೊಂದಿಕೋಬೇಕು."

"ರೀ, ನನಗೆ ಕೆರೆ ತಲೆಕೆಳಗಾಗಿ ಕಾಣ್ತಿದೆ."

ಎಲ್ಲರೂ ತಿರುಗಿ ನೋಡಿದರು. ಅವಳ ತಲೆ, ಕತ್ತು, ಒಂದು ಹೆಗಲು ವ್ಯಾನಿನಿಂದ ಹೊರಗೆ ಬಂದಾಗಿತ್ತು. ಕೈಗಳು ಸೆರಗನ್ನು ಬಿಗಿಯಾಗಿ ಹಿಡಿದಿದ್ದವು, ಮುಖದಲ್ಲಿ ತೀರ್ಪು ಕೊಡುವವರ ಗಾಂಭೀರ್ಯವಿತ್ತು, ಮತ್ತು ಕಂಬಳಿಯ ಸಮೇತ ಅವಳು ಮೆಲ್ಲಗೆ, ಯಾವ ಅವಸರವೂ ಇಲ್ಲದೆ ಇಳಿದು ಬರುತ್ತಿದ್ದಳು. ಸಾಮಾನಣ್ಣನ ಕಾಲುಗಳು ತಾವಾಗಿ ಓಡಿದವು. "ನಿಧಾನ, ನಿಧಾನ, ತಲೆ ಜೋಪಾನ, ಹಿಂದೆ ಹಿಡ್ಕೋ, ಕೆಳಗಿಂದ ಕೊಡು" ಎಂದು ಬಾಯಿ ಹೇಳತೊಡಗಿತು. ಗಿಡದವನು ಕೆಳಗಿಂದ ಕೈಯೊಡ್ಡಿ ಹಿಡಿದ. ಸಾಮಾನಣ್ಣ ಡಾಕ್ಟರ ಮಾತು ನೆನಪಾಗಿ ದಿಂಬನ್ನು ಮಾತ್ರ ಹಿಡಿದುಕೊಂಡ. ಅಂತೂ ಅವಳು ಒಂದು ಗೀರೂ ಬೀಳದೆ ಹುಲ್ಲಿನ ಮೇಲೆ ಬಂದು ಕೂತಳು.

"ಬೀರು ಇಳಿಸಿದ ಹಾಗೆ ಇಳಿಸಿದ್ರಲ್ಲ" ಎಂದಳು ಕೂದಲು ಸರಿಮಾಡಿಕೊಳ್ಳುತ್ತ.

ಸಾಮಾನಣ್ಣ ರಸಮಟ್ಟ ತಂದು ಹಾಸಿನ ಮೇಲಿಟ್ಟ. ಗುಳ್ಳೆ ಸೀಟಿನ ಕಡೆಯ ತುದಿಗೆ ಓಡಿಹೋಗಿ ಅಡಗಿಕೊಂಡಿತು. ಅವನು ಅದನ್ನು ನೋಡಿದ, ನೆಲ ನೋಡಿದ, ಕೆರೆ ನೋಡಿದ, ಗಂಭೀರವಾಗಿ ಹೇಳಿದ:

"ಕೆರೆ ಸೊಟ್ಟಗಿದೆ."

"ಅಪ್ಪ" ಎಂದಳು ಮಗಳು, "ನೀರು ಸೊಟ್ಟಗಿರಲ್ಲ."

"ಯಾರ್ ನೋಡಿದಾರೆ?"

"ಅಪ್ಪ, ನೀನು ಮಟ್ಟ ನೋಡಿದ್ದು ನಮ್ಮನೆ ಮುಂದೆ. ಬೀದಿ ಇಳಿಜಾರು. ಹಿಂಬದಿ ಏರಿಗೆ ಇತ್ತು."

"ಇನ್ನೇನು, ಇಳಿತಕ್ಕೆ ಕೊಡ್ತಾರಾ ಯಾರಾದ್ರೂ ಹಿಂಬದಿನ" ಎಂದವನು ಅರ್ಧದಲ್ಲೇ ನಿಂತ. ಬಾಯಿ ತೆರೆದೇ ಇತ್ತು. ಅವನ ಮಂಚ ಮಟ್ಟಸವಾಗಿರುವುದು ಇಡೀ ಲೋಕದಲ್ಲಿ ಅವನ ಮನೆಯ ಮುಂದೆ ಮಾತ್ರ ಎಂಬುದು ಅವನ ತಲೆಗೆ ಇಷ್ಟಿಷ್ಟೇ ಇಳಿಯಿತು. ಗಿಡದವನು ಮರದ ಹಿಂದೆ ಹೋಗಿ ನಗುತ್ತಿದ್ದುದು ಮರವೇ ಅಲ್ಲಾಡಿದ್ದರಿಂದ ತಿಳಿಯಿತು.

ಹೆಂಡತಿ ಕಾಲು ಬಾಗಿಲ ಕಡೆ ಹಾಕಿ ಮಲಗಿ ನೋಡಿದಳು. "ಬಸ್ಸಲ್ಲಿ ನಿಂತ ಹಾಗಿದೆ" ಎಂದು ಎದ್ದಳು. ಡ್ರಾಯರು ಎತ್ತರಿಸೋಣವೆಂದರೆ ಎಲ್ಲವೂ ಬೋಲ್ಟು, ಸ್ಪ್ಯಾನರು ಮನೆಯಲ್ಲಿ. ಕಲ್ಲು ಹುಡುಕಿದರೆ ಸುತ್ತ ಬರೀ ಹುಲ್ಲು. ಜಾಕ್ ಕೊಟ್ಟು ಹಿಂಬದಿ ಎತ್ತುತ್ತೇನೆ ಎಂದದ್ದಕ್ಕೆ ಮಗಳು, "ಜಾಕ್ ಮೇಲೆ ಅಮ್ಮನ್ನ ಮಲಗಿಸ್ತೀಯಾ?" ಎಂದು ನೋಡಿದ ನೋಟಕ್ಕೆ ಜಾಕ್ ತಾನೇ ಪೆಟ್ಟಿಗೆಗೆ ಹಿಂತಿರುಗಿತು.

"ಹಿಂದಿನ ಚಕ್ರ ಎರಡು ರ‍್ಯಾಂಪು ಹತ್ತಿಸಿದ್ರೆ ಮುಗೀತು" ಎಂದ ಸಾಮಾನಣ್ಣ ಉತ್ಸಾಹದಿಂದ. "ರ‍್ಯಾಂಪು ಎಲ್ಲಿ?"

ಎಲ್ಲರೂ ಮಂಚದ ಕಡೆ ನೋಡಿದರು. ಅವನೊಬ್ಬ ಮಾತ್ರ ಕೆರೆಯ ಕಡೆ ನೋಡಿದ.

ಗಿಡದವನು ಅಂಗೈ ಚಾಚಿದ. "ಬೀಗದಕೈ ಅಣ್ಣ."

ಬೀಗದಕೈ ಜೇಬಿನಲ್ಲಿ ಬಿಸಿಯಾಗಿತ್ತು. ಸಾಮಾನಣ್ಣ ಕೈ ಹಾಕಿದ, ತೆಗೆಯಲಿಲ್ಲ. ಅವನ ಮುಖ ನೋಡಿದರೆ, ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡದ್ದು ಈ ಸಲ ಅವನೇ ಅನ್ನುವಂತಿತ್ತು. ಹೆಂಡತಿ ಅದನ್ನು ಓರೆಗಣ್ಣಿನಿಂದ ನೋಡಿ ಆಕಳಿಸಿದಳು. ಬೇಕೆಂದೇ ಆಕಳಿಸಿದಳೋ, ನಿಜವಾಗಿ ಬಂತೋ, ಅವಳಿಗೇ ಗೊತ್ತು.

"ಸಂಜೆ ಆಗಿಲ್ಲ ಇನ್ನೂ" ಎಂದಳು. "ಏರು ಎಲ್ಲಾದ್ರೂ ಸಿಗುತ್ತಾ ನೋಡಿ. ನನಗೆ ನಿದ್ದೆ ಕಣ್ಣಂಚಿಗೆ ಬಂದು ಕೂತಿದೆ. ಹೋಗೋದರೊಳಗೆ ಮಲಗಿಸಿಬಿಡಿ."

ಮೂವರೂ ವ್ಯಾನು ಹತ್ತಿದರು, ಗಿಡದವನು ಸ್ಕೂಟರು ಹತ್ತಿದ. ಏರು ಕಂಡಲ್ಲೆಲ್ಲ ಸಾಮಾನಣ್ಣ ವ್ಯಾನು ತಿರುಗಿಸಿ ಹಿಂಬದಿ ಏರಿಗೆ ಕೊಡುವುದು, ಮಗಳು ಇಳಿದು, ದಾರಿಯಲ್ಲಿ ಆಯ್ದುಕೊಂಡ ಮರದ ತುಂಡೊಂದನ್ನು ಚಕ್ರಕ್ಕೆ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದಿದೆಯಾ ಅಂತ ಕೇಳಿ, ಮತ್ತೆ ಕೇಳಿ, ರಸಮಟ್ಟ ಇಟ್ಟು ನೋಡುವುದು. ಆಸ್ಪತ್ರೆಯ ಮುಂದಿನ ಏರು ಕಡಿಮೆಯಾಯಿತು. ಬ್ಯಾಂಕಿನ ಪಕ್ಕದ್ದು ಹೆಚ್ಚಾಯಿತು, ಕಾವಲುಗಾರನೂ ಏಳತೊಡಗಿದ. ಒಂದು ಓಣಿಯಲ್ಲಿ ಗುಳ್ಳೆ ಇನ್ನೇನು ನಡುವೆ ನಿಲ್ಲುವಷ್ಟರಲ್ಲಿ ಎದುರಿನ ಮನೆಯ ಮಾಲೀಕರು ಪಂಚೆ ಕಟ್ಟಿಕೊಳ್ಳುತ್ತ ಓಡಿಬಂದರು. ಅವರ ಮುಖ ಅರಳಿತ್ತು.

"ಬಂದ್ರಾ? ಅಂತೂ ಖಾಲಿ ಮಾಡ್ತಿದಾರಾ ಮೇಲಿನವರು?"

"ಇಲ್ಲ ಸಾರ್, ನನ್ನ ಹೆಂಡತಿ ಮಲಗಬೇಕು."

ಮಾಲೀಕರು ವ್ಯಾನು ನೋಡಿದರು, ಹೆಂಡತಿಯನ್ನು ನೋಡಿದರು, ಮೇಲಿನ ಮಹಡಿ ನೋಡಿದರು. "ಮಲಗಲಿ ಬಿಡಿ. ಆದ್ರೆ ಬಂದಿದ್ದೀರಲ್ಲ, ಹಾಗೇ ಮೇಲೆ ಹೋಗಿ ಒಂದು ಸಲ ಸಾಮಾನು ಎತ್ತೋ ಹಾಗೆ ಮಾಡ್ತೀರಾ?"

ಅಲ್ಲಿಂದ ಹೊರಟವರು ರಸ್ತೆ ಹೋದತ್ತ ಹೋಗಿ ಒಂದು ಗೇಟಿನ ಮುಂದೆ ಬಂದರು. ರಸ್ತೆಯಿಂದ ಗೇಟಿನವರೆಗೆ ಮೆಲುವಾದ ಏರು. ಸಾಮಾನಣ್ಣ ಹಿಂದಕ್ಕೆ ಹಿಂದಕ್ಕೆ ಬಿಟ್ಟುಕೊಂಡು ಹೋಗಿ, ಹಿಂಬಾಗಿಲು ಗೇಟಿಗೆ ಎದುರಾಗುವಂತೆ ನಿಲ್ಲಿಸಿದ. ಮಗಳು ರಸಮಟ್ಟ ಇಟ್ಟಳು.

"ಅಪ್ಪ" ಎಂದಳು ಪಿಸುದನಿಯಲ್ಲಿ. "ನಿಂತಿತು."

ಹೆಂಡತಿ ಹತ್ತಿ ಮಲಗಿದಳು. ಮಲ್ಲಿಗೆಯ ವಾಸನೆ, ಒದ್ದೆ ಮಣ್ಣಿನ ವಾಸನೆ ತೆರೆದ ಬಾಗಿಲಿನಿಂದ ಬರುತ್ತಿತ್ತು. ಎಡಮಗ್ಗುಲಾದಳು, ಬಲಮಗ್ಗುಲಾದಳು, ಮತ್ತೆ ಎಡಕ್ಕೆ ಹೊರಳಿ ಸಣ್ಣಗೆ ಗೊರಕೆ ತೆಗೆದಳು. ಸಾಮಾನಣ್ಣನ ಕಣ್ಣು ಒದ್ದೆಯಾಯಿತು. ಅಷ್ಟು ಚೆಂದದ ಗೊರಕೆ ಅವನು ಆಯುಷ್ಯದಲ್ಲಿ ಕೇಳಿರಲಿಲ್ಲ.

ಸ್ಕೂಟರು ಬಂದು ನಿಂತಿತು. ಗಿಡದವನು ಇಳಿದವನೇ ತಲೆಯ ಮೇಲೆ ಕೈ ಹೊತ್ತ.

"ಅಣ್ಣಾ, ಇದು ನನ್ನ ಗೇಟು."

"ಶ್" ಎಂದರು ಅಪ್ಪ ಮಗಳು ಒಟ್ಟಿಗೆ.

"ಒಳಗೆ ಗಿರಾಕಿಗಳಿದ್ದಾರೆ."

ಇದ್ದರು. ಗೇಟಿನ ಸರಳುಗಳ ಆಚೆ ಕುಂಡ ಹಿಡಿದುಕೊಂಡ ನಾಲ್ಕಾರು ಜನ, ಇದೂ ನೋಡಲು ಇಟ್ಟದ್ದೇ ಇರಬೇಕೆಂದು, ಮಲಗಿದ ಹೆಂಗಸನ್ನು ಕುತೂಹಲದಿಂದ ನೋಡುತ್ತಿದ್ದರು.

"ಗಾಡಿ ಮುಂದೆ ತೆಗೀರಿ ಅಣ್ಣ, ಕಾಲಿಗೆ ಬೀಳ್ತೀನಿ."

"ತೆಗೆದ್ರೆ ಮಟ್ಟ ತಪ್ಪುತ್ತೆ. ಬೇಕಾದ್ರೆ ನೀನೇ ಎಬ್ಬಿಸು."

ಗಿಡದವನು ತುದಿಗಾಲಲ್ಲಿ ಹೋದ. ಅವಳ ಮನೆಯ ಬೀದಿಯಲ್ಲಿ ಓಡಾಡಿದವನು, ಅವಳ ಸಂಜೆಗಳನ್ನು ಬಲ್ಲವನು. ಬಗ್ಗಿ ನೋಡಿ, ಅದೇ ತುದಿಗಾಲಲ್ಲಿ ಹಿಂತಿರುಗಿದ. "ಬೇಡ ಬಿಡಿ" ಎಂದ.

ಕುಂಡಗಳು ಒಂದೊಂದಾಗಿ ಕಾಂಪೌಂಡಿನ ಮೇಲಿಂದ ಈಚೆ ಬರತೊಡಗಿದವು. ಸಾಮಾನಣ್ಣ ಕೆಳಗೆ ನಿಂತು ಯಾವುದನ್ನೂ ಮುಟ್ಟದೆ, "ಎಡಕ್ಕೆ, ತಳ ಹಿಡೀರಿ, ಎಲೆ ಜೋಪಾನ" ಎಂದು ಪಿಸುದನಿಯಲ್ಲಿ ನಡೆಸಿಕೊಟ್ಟ. ಗಿರಾಕಿಯೊಬ್ಬರು ತಾವೂ ಹತ್ತಿ ಈಚೆಗೆ ದಾಟಿದರು. ಅವರನ್ನೂ ಹಾಗೆಯೇ ಇಳಿಸಲಾಯಿತು.

ಬಿಸಿಲು ಹಳದಿಗೆ ತಿರುಗಿದಾಗ ವ್ಯಾನಿನೊಳಗೆ ಕಂಬಳಿ ಅಲುಗಿತು. ಗಿಡದವನು ಕಾಯುತ್ತಿದ್ದವನು ಕೈಮುಗಿದು ಮುಂದೆ ನಿಂತ. "ಅಕ್ಕಾ, ನಿದ್ದೆ ಆಯ್ತಲ್ಲ. ಗಾಡಿ ಒಂಚೂರು ತೆಗೆಸ್ತೀರಾ?"

ಅವಳು ಒಂದು ಕಣ್ಣು ಮಾತ್ರ ತೆರೆದಳು. "ನಮ್ಮ ಗಾಡಿ ತಮ್ಮಾ. ನಮಗೆ ಅನ್ನಿಸಿದಾಗ ತೆಗೀತೀವಿ."

ಮದುವೆಯಾದಂದಿನಿಂದ ಅವಳು ಅದನ್ನು 'ನಿಮ್ಮ ಗಾಡಿ' ಎಂದೇ ಅಂದವಳು. ಸಾಮಾನಣ್ಣ ಮಗಳ ಕಡೆ ತಿರುಗಿ, ಕೇಳಿಸಿತಾ ಎನ್ನುವಂತೆ ಹುಬ್ಬು ಹಾರಿಸಿದ. ಕೇಳಿಸಿತ್ತು.

ಗಿಡದವನು ಅಲ್ಲೇ ಸ್ಕೂಟರಿಗೆ ಒರಗಿ ಯಾರಿಗೋ ಫೋನು ಹಚ್ಚಿ, ಆ ಇನ್ನೊಂದು ವ್ಯಾನು ಇನ್ನೂ ಇದೆಯಾ ಎಂದು ವಿಚಾರಿಸತೊಡಗಿದ.

"ಏನ್ರೀ, ಅಲ್ಲೇ ಎಷ್ಟು ಹೊತ್ತು ನಿಂತಿರ್ತೀರಿ ಆ ಸೊಂಟ ಇಟ್ಕೊಂಡು" ಎಂದು ಹೆಂಡತಿ ಗೋಡೆಯ ಕಡೆಗೆ ಸರಿದು ಜಾಗ ಮಾಡಿದಳು. ಸಾಮಾನಣ್ಣ ಚಪ್ಪಲಿ ಬಿಟ್ಟು, ಅರ್ಧ ಊಟದ ಮೇಜಿನ ಮೇಲೆ, ಗೇಟಿನಾಚೆಯ ಜನರೆಲ್ಲ ನೋಡುತ್ತಿರುವಂತೆಯೇ ಅಂಗಾತ ಮಲಗಿದ. ಯಾವ ಕಡೆಗೂ ಜಾರಲಿಲ್ಲ. ಮಗಳು ಬಗ್ಗಿ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಪರದೆ ಎಳೆದು, ಚಕ್ರಕ್ಕೆ ಇನ್ನೊಂದು ಮರದ ತುಂಡು ಹುಡುಕಲು ಹೋದಳು.